‘ಎಂಕುಲು’ ಮತ್ತು ‘ನಮ’: ಪುತ್ತೂರು, ಸುಳ್ಯ, ಕಡಬ ಪರಿಸರದಲ್ಲಿ ಭಾಷಾವಿಜ್ಞಾನದ ಜನಸಂಪರ್ಕ ಸಭೆಗಳು

ಭಾಷಾವಿಜ್ಞಾನಿಗಳು ಊರಿಗೆ ಹೋಗುವುದು ಸಾಮಾನ್ಯವಾಗಿ ಸಾಮಗ್ರಿಯ ಸಂಗ್ರಹಕ್ಕಾಗಿ. ಪದಪಟ್ಟಿ ತುಂಬುತ್ತದೆ, ಧ್ವನಿಮುದ್ರಣ ಮುಗಿಯುತ್ತದೆ, ಪ್ರಬಂಧ ಸಿದ್ಧವಾಗುತ್ತದೆ. ಮಾತು ಕೊಟ್ಟ ಮನೆಗೆ ಅದರ ಒಂದು ಪುಟವೂ ಹಿಂದಿರುಗುವುದಿಲ್ಲ. ಕೃಷಿವಿಜ್ಞಾನ, ವೈದ್ಯಕೀಯ, ಖಗೋಳಶಾಸ್ತ್ರಗಳಲ್ಲಿ ಸಂಶೋಧಕರನ್ನೂ ಜನಸಮುದಾಯವನ್ನೂ ಎದುರುಬದುರು ಕೂರಿಸುವ ಸಭೆಗಳು ಈಗ ರೂಢಿಯಾಗಿವೆ. ಭಾಷಾವಿಜ್ಞಾನದಲ್ಲಿ ಅಂಥ ಸಭೆ ಎಂದರೆ ಇನ್ನೂ ‘ಭಾಷೆಯ ಉಳಿವು’ ಕುರಿತ ಒಂದು ಉಪನ್ಯಾಸ ಮತ್ತು ಅದರ ಹಿಂದೆಮುಂದೆ ಸ್ವಾಗತ, ವಂದನಾರ್ಪಣೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳನ್ನು ನಿದರ್ಶನವಾಗಿ ಇಟ್ಟುಕೊಂಡು, ಇಂಥ ಸಭೆಗಳನ್ನು ಬೇರೆ ರೀತಿಯಲ್ಲಿ ಸಂಯೋಜಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸುತ್ತೇವೆ. ವಿಷಯ, ಸ್ಥಳ, ಅತಿಥಿ ಇವೆಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದುದು ಸಭೆ ನಡೆಯುವ ಭಾಷೆ ಎಂಬುದು ನಮ್ಮ ಪ್ರತಿಪಾದನೆ. ಅದನ್ನು ಸಂಯೋಜಕರ ಅನುಕೂಲಕ್ಕೆ ಬಿಟ್ಟರೆ ಸಭೆಯೂ ಸೊರಗುತ್ತದೆ, ಅಲ್ಲಿ ದೊರೆಯುವ ಭಾಷಿಕ ಸಾಮಗ್ರಿಯೂ ಕೆಡುತ್ತದೆ.

ನೆಲ ಮತ್ತು ನುಡಿಗಳು

ಮೂರು ತಾಲೂಕುಗಳೂ ಪಶ್ಚಿಮ ಘಟ್ಟದ ಬುಡದ ಅಡಿಕೆ ಸೀಮೆ. ಕಡಬ ಈಚೆಗೆ ರೂಪುಗೊಂಡ ತಾಲೂಕು. ಅದರ ಬಹುಪಾಲು ಗ್ರಾಮಗಳು ಮೊದಲು ಪುತ್ತೂರು, ಸುಳ್ಯಗಳಲ್ಲಿದ್ದವು. ಪೇಟೆ, ಬಸ್ಸು, ತೋಟದ ಕೆಲಸ ಇವುಗಳ ಸಾಮಾನ್ಯ ಭಾಷೆ ತುಳು. ಶಾಲೆ, ಕಚೇರಿ, ದಿನಪತ್ರಿಕೆ, ಯಕ್ಷಗಾನಗಳಲ್ಲಿ ಕನ್ನಡ ನೆಲೆಸಿದೆ. ಮನೆಯೊಳಗೆ ಮಾತ್ರ ಇವೆರಡಲ್ಲದೆ ಹವ್ಯಕ ಕನ್ನಡ, ಗೌಡರ ಅರೆಭಾಷೆ, ಬ್ಯಾರಿ, ಕೊಂಕಣಿ, ಮರಾಟಿ ನಾಯ್ಕರ ಮರಾಟಿ, ಮಲಯಾಳ ಇವೆಲ್ಲ ಕೇಳಿಸುತ್ತವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬಗಳ ಮನೆಮಾತು ತಮಿಳು. ಇಂಥ ದ್ವಿಭಾಷಾ ಪತ್ರಿಕೆಯ ಎರಡು ಭಾಷೆಗಳೂ ಇಲ್ಲಿಯ ಎಷ್ಟೋ ಮನೆಗಳ ಅಡುಗೆಕೋಣೆಯವರೆಗೆ ಹೋಗುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ವಿದ್ವತ್ತಿಗೆ ಇಲ್ಲಿ ಕೊರತೆಯೇನೂ ಇಲ್ಲ. ಬಾಸೆಲ್ ಮಿಶನ್ನಿನ ಬ್ರಿಗೆಲ್ ಅವರ ತುಳು ವ್ಯಾಕರಣ 1872ರದು, ಮೆನ್ನರ್ ಅವರ ನಿಘಂಟು 1886ರದು. ಮರಿಯಪ್ಪ ಭಟ್ಟ ಮತ್ತು ಶಂಕರ ಕೆದಿಲಾಯರ ತುಳು–ಇಂಗ್ಲಿಷ್ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯ 1967ರಲ್ಲಿ ಪ್ರಕಟಿಸಿತು. ಅದೇ ವರ್ಷ ಪುತ್ತೂರಿನವರೇ ಆದ ಡಿ. ಎನ್. ಶಂಕರ ಭಟ್ಟರ ತುಳು ವಿವರಣಾತ್ಮಕ ವಿಶ್ಲೇಷಣೆ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಕುಶಾಲಪ್ಪ ಗೌಡರ ‘ಗೌಡ ಕನ್ನಡ’ 1970ರದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 6 ಸಂಪುಟಗಳಲ್ಲಿ ಪೂರ್ಣಗೊಂಡಿತು. ಇಷ್ಟಾದರೂ ‘ನಮ್ಮದು ಅರ್ಧ ಭಾಷೆ’, ‘ನಮ್ಮದಕ್ಕೆ ವ್ಯಾಕರಣ ಇಲ್ಲ’, ‘ಶುದ್ಧವಾಗಿ ಮಾತಾಡುವವರು ಪಕ್ಕದ ಮನೆಯವರು, ಅವರನ್ನು ಕೇಳಿ’ ಎಂಬ ಉತ್ತರಗಳು ಕ್ಷೇತ್ರಕಾರ್ಯಕ್ಕೆ ಹೋದವರಿಗೆ ಇಂದಿಗೂ ಸಿಗುತ್ತವೆ. ವಿಶ್ಲೇಷಣೆ ನಡೆದದ್ದು ಪುಣೆ, ಅಣ್ಣಾಮಲೈ, ಮದರಾಸುಗಳಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ಅದರ ತಿರುಳು ಜನರಿಗೆ ಮುಟ್ಟುವ ದಾರಿಯನ್ನು ಯಾರೂ ಕಡಿದಿರಲಿಲ್ಲ. ಶಂಕರ ಭಟ್ಟರ ‘ಭಾಷೆಯ ಬಗೆಗೆ ನೀವೇನು ಬಲ್ಲಿರಿ?’ ಈ ಮಾತಿಗೆ ಗೌರವಾನ್ವಿತ ಅಪವಾದ. ಶೀರ್ಷಿಕೆಯಲ್ಲಿಯೇ ಓದುಗರನ್ನು ಪ್ರಶ್ನಿಸುವ ಆ ಕ್ರಮ ಸಭೆಗಳಿಗೂ ಒಪ್ಪುವಂಥದು.

ಜನಗಣತಿಯೂ ಈ ಹಿಂಜರಿಕೆಗೆ ನೀರೆರೆಯುತ್ತದೆ. 2011ರ ಗಣತಿಯಲ್ಲಿ ತುಳು ಮಾತೃಭಾಷೆಯವರು 18,46,427. ಅರೆಭಾಷೆಗೂ ಹವ್ಯಕಕ್ಕೂ ಅಲ್ಲಿ ಪ್ರತ್ಯೇಕ ಸಾಲಿಲ್ಲ. ಅವು ಕನ್ನಡದ ಮೊತ್ತದೊಳಗೆ ಕರಗಿವೆ. ಬಡಗ, ಕುರುಬ ನುಡಿಗಳು ಅದೇ ಶೀರ್ಷಿಕೆಯಡಿ ಬೇರೆ ಸಾಲುಗಳಲ್ಲಿ ಕಾಣುತ್ತವೆ. ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯಕ್ಕೆ ರಾಜ್ಯ ಸರ್ಕಾರದ ಅಕಾಡೆಮಿಯೇ ಇರುವಾಗ ಅದನ್ನಾಡುವವರ ಸಂಖ್ಯೆಯನ್ನು ಅಧಿಕೃತ ಪಟ್ಟಿಯಿಂದ ಹೇಳಲಾಗದು ಎಂಬ ವಿಚಿತ್ರ ಸ್ಥಿತಿ ಇದು. ‘ಉಪಭಾಷೆ’ ಎಂಬ ನಮ್ಮ ಪಾರಿಭಾಷಿಕ ಪದ ಊರಿನ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ಇಂಥ ಕಡೆ ಸಭೆ ಕರೆಯುವವರು ಮುಂಚಿತವಾಗಿ ಆಲೋಚಿಸಿರಬೇಕು.

ಪುತ್ತೂರಿನಲ್ಲಿಯೇ ಇರುವ ಮೇಲ್ಪಂಕ್ತಿ

ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಮಾತು ಬಂದಾಗ ನೆರೆಯ ಕೇರಳದಲ್ಲಿ 1962ರಲ್ಲಿ ಹುಟ್ಟಿದ ಶಾಸ್ತ್ರಸಾಹಿತ್ಯ ಪರಿಷತ್ತನ್ನೂ ನಮ್ಮ ರಾಜ್ಯ ವಿಜ್ಞಾನ ಪರಿಷತ್ತನ್ನೂ ನೆನೆಯುವುದು ವಾಡಿಕೆ. ಪುತ್ತೂರಿನಲ್ಲಿ ದೂರ ಹೋಗಬೇಕಾಗಿಲ್ಲ. ‘ಬಾಲ ಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ಗಳ ಕರ್ತೃ ಶಿವರಾಮ ಕಾರಂತರು ಇಲ್ಲಿಯ ಬಾಲವನದಲ್ಲಿ ದಶಕಗಳ ಕಾಲ ಇದ್ದರು. ಆದರೆ ಕಾರಂತರ ಮಾದರಿ ಒಬ್ಬ ಬಹುಶ್ರುತ ಎಲ್ಲರಿಗಾಗಿ ಬರೆಯುವ ಮಾದರಿ. ನಮ್ಮ ಉದ್ದೇಶಕ್ಕೆ ಹೆಚ್ಚು ಹತ್ತಿರವಾದುದು 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’. ಶ್ರೀಪಡ್ರೆಯವರ ಸಂಪಾದಕತ್ವದ ಈ ಮಾಸಿಕ ‘ಕೃಷಿಕರ ಕೈಗೆ ಲೇಖನಿ’ ಎಂಬ ನಿಲುವನ್ನು ತಾಳಿ, ತೋಟದವರಿಗೇ ಬರೆಯಲು ಕಲಿಸುವ ಶಿಬಿರಗಳನ್ನು ನಡೆಸಿತು. ಕೃಷಿಕರು ಅಲ್ಲಿ ಮಾಹಿತಿದಾತರಷ್ಟೇ ಆಗಿ ಉಳಿಯದೆ ಲೇಖಕರಾದರು. ಒಬ್ಬರ ಅನುಭವವನ್ನು ಇನ್ನೊಬ್ಬರು ಪ್ರಶ್ನಿಸುವ, ಪರೀಕ್ಷಿಸುವ ರೂಢಿ ಬೆಳೆಯಿತು. ಹತ್ತಿರದಲ್ಲಿಯೇ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವೂ ಕಡಬದ ಕಿದುವಿನಲ್ಲಿ ತೆಂಗಿನ ಅಂತಾರಾಷ್ಟ್ರೀಯ ತಳಿಸಂಗ್ರಹವಿರುವ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇವೆ. ವಿಜ್ಞಾನಿಯನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವುದು ಇಲ್ಲಿಯ ಬೆಳೆಗಾರರಿಗೆ ಹೊಸತಲ್ಲ. ಭಾಷಾವಿಜ್ಞಾನ ಆ ಅಂಗಳಕ್ಕೆ ತಡವಾಗಿ ಬರುತ್ತಿರುವ ನೆಂಟ.

ವೇದಿಕೆಯ ಕನ್ನಡ

ಈ ಭಾಗದ ಯಾವುದೇ ಸಭೆಯಲ್ಲಿ ಕಾಣುವ ಒಂದು ದೃಶ್ಯವಿದೆ. ನಿರೂಪಕರು ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿ ಅತಿಥಿಗಳನ್ನು ವೇದಿಕೆಗೆ ಆಹ್ವಾನಿಸುತ್ತಾರೆ. ಧ್ವನಿವರ್ಧಕ ಕಿರುಗುಟ್ಟಿದೊಡನೆ ಮೈಕಿನಿಂದ ಮುಖ ತಿರುಗಿಸಿ ತುಳುವಿನಲ್ಲಿ ಕೂಗುತ್ತಾರೆ. ಭಾಷಾವಿಜ್ಞಾನಿಗೆ ಆ ಎರಡನೆಯ ಮಾತು ಬೇಕು. ಸಭೆಯ ಶಿಷ್ಟಾಚಾರ ಮೊದಲನೆಯದನ್ನು ಮಾತ್ರ ಒಳಗೆ ಬಿಡುತ್ತದೆ. ಗಮನಿಸದಿರುವಾಗಿನ ಮಾತನ್ನು ಗಮನಿಸಿಯೇ ಪಡೆಯಬೇಕೆಂಬ, ಲಬೋವ್ ಹೆಸರಿಸಿದ ವೀಕ್ಷಕನ ವಿರೋಧಾಭಾಸ ಇಲ್ಲಿ ಇಮ್ಮಡಿಯಾಗುತ್ತದೆ. ಏಕೆಂದರೆ ವೇದಿಕೆ ಎಂಬುದೇ ಕನ್ನಡದ ಜಾಗ ಎಂಬ ಒಪ್ಪಂದ ಎಲ್ಲರಲ್ಲಿಯೂ ಇದೆ. ಅಲ್ಲಿ ನಿಂತು ‘ನಿಮ್ಮ ಭಾಷೆ ಅಮೂಲ್ಯ’ ಎಂದು ಕನ್ನಡದಲ್ಲಿ ಹೇಳಿದರೆ, ಅಮೂಲ್ಯವಾದರೂ ವೇದಿಕೆಗೆ ತಕ್ಕುದಲ್ಲ ಎಂಬ ಅರ್ಥವೂ ಜೊತೆಗೆ ಸಂವಹನವಾಗುತ್ತದೆ.

ಆಟಿ ತಿಂಗಳ ಕಾರ್ಯಕ್ರಮಗಳನ್ನು ಇದಕ್ಕೆ ಪರಿಹಾರವೆಂದು ಸೂಚಿಸುವವರಿದ್ದಾರೆ. ಅಲ್ಲಿ ವೇದಿಕೆಯ ಮೇಲೆಯೇ ತುಳು ನಡೆಯುತ್ತದೆ, ಪತ್ರೊಡೆಯೂ ಇರುತ್ತದೆ. ನಮಗೆ ಆ ಸಂಭ್ರಮದ ಬಗ್ಗೆ ಗೌರವವಿದೆ. ಆದರೆ ಅಲ್ಲಿ ಪದಗಳು ಹಳೆಯ ಸೇರು, ಕಳಸೆಗಳ ಪಕ್ಕದಲ್ಲಿ ಪ್ರದರ್ಶನಕ್ಕೆ ಕೂರುತ್ತವೆ. ಇಂದು ಬೆಳಿಗ್ಗೆ ತೋಟದಲ್ಲಿ ಬಳಸಿದ ಪದ ಅಲ್ಲಿಗೆ ಬರುವುದಿಲ್ಲ. ಜೀವಂತ ಭಾಷೆಯೊಂದನ್ನು ಅದರ ಭಾಷಿಕರೇ ಸ್ಮಾರಕವನ್ನಾಗಿ ನೋಡತೊಡಗಿದರೆ ಸಂಶೋಧಕರು ಅದಕ್ಕೆ ದೀಪ ಹಿಡಿಯಬೇಕಾಗಿಲ್ಲ.

ನಾವು ಸೂಚಿಸುವ ಕ್ರಮ ಸರಳ: ವೇದಿಕೆಯನ್ನು ತೆಗೆದುಬಿಡುವುದು. ಸಹಕಾರಿ ಸಂಘದ ಜಗಲಿ, ಶಾಲೆಯ ಕೊಠಡಿ, ಅಡಿಕೆ ಸುಲಿಯುವ ಅಂಗಳ ಯಾವುದಾದರೂ ಆಗಬಹುದು. ಹದಿನೈದು, ಇಪ್ಪತ್ತು ಮಂದಿ ಸಾಕು. ಗುಂಪಿನ ನಿರ್ವಹಣೆಯನ್ನು ಮನೆಮಾತಿನಲ್ಲಿಯೇ ಮಾಡಬಲ್ಲ ಸ್ಥಳೀಯರೊಬ್ಬರಿಗೆ, ಬಹುಮಟ್ಟಿಗೆ ಶಾಲಾ ಶಿಕ್ಷಕರಿಗೆ ಅಥವಾ ಸಂಶೋಧನ ವಿದ್ಯಾರ್ಥಿಗೆ, ಒಪ್ಪಿಸಬೇಕು. ಹೊರಗಿನ ಭಾಷಾವಿಜ್ಞಾನಿ ಕನ್ನಡದಲ್ಲಿ ಮಾತಾಡಲಿ, ಉತ್ತರ ತಂತಮ್ಮ ನುಡಿಯಲ್ಲಿ ಬರಲಿ. ಬಸ್ಸಿನಲ್ಲಿ, ಅಂಗಡಿಯಲ್ಲಿ ಈ ಊರಿನವರು ನಿತ್ಯ ನಡೆಸುವ ವ್ಯವಹಾರವೇ ಇದು.

ಮುಂದಿಡಬಹುದಾದ ಒಗಟುಗಳು

ಉಪನ್ಯಾಸಕ್ಕಿಂತ ಒಗಟು ಮೇಲು. 2003ರಲ್ಲಿ ಬಲ್ಗೇರಿಯದಲ್ಲಿ ಮೊದಲಾಗಿ, 2016ರಲ್ಲಿ ನಮ್ಮ ಮೈಸೂರಿನಲ್ಲಿಯೂ ನಡೆದ ಅಂತಾರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡಿನ ಬುನಾದಿಯೇ ಅದು: ಸಾಮಗ್ರಿಯನ್ನು ಎದುರಿಗಿಡುವುದು, ನಿಯಮವನ್ನು ಬಿಡಿಸುವವರೇ ಕಂಡುಕೊಳ್ಳುವುದು. ಅಲ್ಲಿ ವಿದ್ಯಾರ್ಥಿಗಳು ತಮಗೆ ಗೊತ್ತಿಲ್ಲದ ಭಾಷೆಯನ್ನು ಬಿಡಿಸುತ್ತಾರೆ; ಇಲ್ಲಿ ಜನ ತಮಗೆ ಚೆನ್ನಾಗಿ ಗೊತ್ತಿರುವ ಭಾಷೆಯನ್ನು ಬಿಡಿಸಬೇಕು. ಅದು ಇನ್ನೂ ಕಷ್ಟ.

ಮೊದಲ ಒಗಟನ್ನು ತೋಟದಿಂದಲೇ ತರಬಹುದು. ಕನ್ನಡದ ಹಾಳೆ ತುಳುವಿನಲ್ಲಿ ಪಾಳೆ; ಹಿಂಗಾರ ಪಿಂಗಾರ; ಹುಲಿ ಪಿಲಿ; ಹಾಲು ಪೇರ್; ಹೂ ಪೂ. ಪಟ್ಟಿಯನ್ನು ಮುಂದುವರಿಸಲು ಕೇಳಿದರೆ ಸಭೆಯೇ ಅದನ್ನು ಬೆಳೆಸುತ್ತದೆ. ಕನ್ನಡದಲ್ಲಿ ಪದಾದಿಯ ಪಕಾರ ಸುಮಾರು 10ನೆಯ ಶತಮಾನದಿಂದ ಹಕಾರವಾಗತೊಡಗಿತು, ತುಳುವಿನಲ್ಲಿ ಅದು ಉಳಿಯಿತು ಎಂದು ಆಗ ಹೇಳಿದರೆ, ತುಳು ಎಂಬುದು ಕನ್ನಡದ ಕೆಟ್ಟ ರೂಪವೆಂಬ ನಂಬಿಕೆ ವಾದವಿಲ್ಲದೆ ಸಡಿಲವಾಗುತ್ತದೆ. ‘ಮದ್ದು ಬಿಡುವುದು’ ಎಂಬುದೂ ಇಂಥದೇ. ಮಳೆಗಾಲದಲ್ಲಿ ಅಡಿಕೆಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ ಊರಿನ ಮಾತು ಅದು. ತುಳುವಿನಲ್ಲಿ ಮದ್ದು ‘ಮರ್ದ್’. ಹಳಗನ್ನಡದ ‘ಮರ್ದು’ ನಮ್ಮ ಕನ್ನಡದಲ್ಲಿ ರೇಫ ಕಳೆದುಕೊಂಡಿತು, ತುಳು ಅದನ್ನು ಬಿಡಲಿಲ್ಲ. ಪ್ರೌಢಶಾಲೆಯಲ್ಲಿ ಹಳಗನ್ನಡ ಓದಿ ಬೇಸತ್ತವರಿಗೂ ಈ ಉದಾಹರಣೆ ನಾಟುತ್ತದೆ. ನಿಯಮಕ್ಕೆ ಒಗ್ಗದ ಪದವನ್ನೂ ಮುಚ್ಚಿಡಬಾರದು. ಹಿಂಗಾರವನ್ನು ಮಲೆನಾಡಿನಲ್ಲಿ ಸಿಂಗಾರ ಎನ್ನುವುದುಂಟು. ಪ–ಹ ಸಂವಾದದಲ್ಲಿ ಅದಕ್ಕೆ ಎಡೆಯಿಲ್ಲ. ಕ್ರಮಬದ್ಧ ಧ್ವನಿಸಂವಾದಕ್ಕೂ ಅಂದದ ಅರ್ಥ ಕಲ್ಪಿಸಿಕೊಳ್ಳುವ ಜನನಿರುಕ್ತಿಗೂ ಇರುವ ಭೇದವನ್ನು ಚರ್ಚಿಸಲು ಇದಕ್ಕಿಂತ ಒಳ್ಳೆಯ ಪದ ಸಿಗಲಾರದು.

ಎರಡನೆಯದು ಪಾಳೆ ಮತ್ತು ಪಾಲೆ. ಆಟಿ ಅಮಾವಾಸ್ಯೆಯಂದು ಕಷಾಯ ಕುಡಿಯುವುದು ಪಾಲೆ ಮರದ ಕೆತ್ತೆಯದು. ಅಡಿಕೆಮರದಿಂದ ಬೀಳುವುದು ಪಾಳೆ. ಳಕಾರ–ಲಕಾರಗಳ ವ್ಯತ್ಯಾಸ ಉಳಿದಿರುವ ಪ್ರಭೇದಗಳಲ್ಲಿ ಇವು ಕನಿಷ್ಠ ಭೇದದ ಜೋಡಿ. ವ್ಯತ್ಯಾಸ ಅಳಿದ ಕಡೆ ಎರಡೂ ಒಂದೇ ಉಚ್ಚಾರ. ಒಂದೇ ಕೋಣೆಯಲ್ಲಿ ಎರಡೂ ಬಗೆಯವರು ಇರುವ ಸಂಭವ ಹೆಚ್ಚು. ಆಗ ಯಾರದು ಸರಿ ಎಂಬ ಜಗಳ ಹುಟ್ಟಬಹುದು, ಹುಟ್ಟಲಿ. ತುಳುವಿನ ಜಾತಿವಾರು ಪ್ರಭೇದಗಳಲ್ಲಿ ಬದಲಾವಣೆಯ ದಿಕ್ಕನ್ನು ರಾಮಾನುಜನ್ ಮತ್ತು ಬ್ರೈಟ್ 1964ರಲ್ಲಿ ಚರ್ಚಿಸಿದ್ದರು. ಅವರು ಎತ್ತಿದ ಪ್ರಶ್ನೆ ಇಲ್ಲಿ ಮುಖಾಮುಖಿ ಕುಳಿತಿರುತ್ತದೆ. ನಿರ್ವಾಹಕರ ಕೆಲಸ ತೀರ್ಪು ಕೊಡುವುದಲ್ಲ. ಯಾವ ಗ್ರಾಮ, ಯಾವ ವಯಸ್ಸು, ಯಾವ ಉಚ್ಚಾರ ಎಂದು ಗೋಡೆಯ ಮೇಲಿನ ನಕ್ಷೆಯಲ್ಲಿ ಎಲ್ಲರೆದುರು ಗುರುತು ಹಾಕುವುದು. ಕೂತವರು ತಮ್ಮ ಸೀಮೆಯ ಭಾಷಾನಕ್ಷೆ ಮೂಡುವುದನ್ನು ಕಣ್ಣಾರೆ ಕಾಣುತ್ತಾರೆ.

ಮೂರನೆಯದು ಲಿಪಿಯ ಒಗಟು. ಕನ್ನಡ ಲಿಪಿಯಲ್ಲಿ ‘ಬತ್ತೆ’ ಎಂದು ಬರೆದು, ಬಂದವರು ಯಾರು ಎಂದು ಕೇಳಬೇಕು. ತುಳುವಿನಲ್ಲಿ ‘ಯಾನ್ ಬತ್ತೆ’ ಎಂದರೆ ನಾನು ಬಂದೆ, ‘ಆಯೆ ಬತ್ತೆ’ ಎಂದರೆ ಅವನು ಬಂದ. ಬರೆಹದಲ್ಲಿ ಒಂದೇ, ಕಿವಿಗೆ ಎರಡು. ಉತ್ತಮ ಪುರುಷದ ಕೊನೆಯ ಎಕಾರ ಹೆಚ್ಚು ತೆರೆದದ್ದು, ಪ್ರಥಮ ಪುರುಷದ್ದು ಮುಚ್ಚಿದ್ದು. ಚಿಕ್ಕ ಮಗುವೂ ತಪ್ಪದೆ ಮಾಡುವ ಈ ಭೇದಕ್ಕೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಧ್ವನಿಮಾ ಎಂಬ ಪರಿಕಲ್ಪನೆಯನ್ನು ಪದವಿ ತರಗತಿಗಳಲ್ಲಿ ವಾರಗಟ್ಟಲೆ ವಿವರಿಸುವ ನಾವು, ಅದು ಹತ್ತು ನಿಮಿಷದಲ್ಲಿ ದಕ್ಕುವುದನ್ನು ಇಂಥಲ್ಲಿ ನೋಡಬಹುದು. ಸುಳ್ಯದ ಗುಂಪಾದರೆ ಅರೆಭಾಷೆಯ ‘ಉಟ್ಟು’ ರೂಪವನ್ನು ಈ ಭಾಗದ ಕನ್ನಡದ ‘ಉಂಟು’ವಿನ ಪಕ್ಕದಲ್ಲಿಟ್ಟು, ಅನುನಾಸಿಕದ ಗತಿಯನ್ನು ಅವರಿಂದಲೇ ಹೇಳಿಸಬಹುದು. ‘ಅರೆ’ ಎಂದರೆ ಕುಂದು ಎಂಬ ಭಾವನೆಗೆ ನೇರ ಖಂಡನೆಗಿಂತ ಇದು ಪರಿಣಾಮಕಾರಿ.

ನಾಲ್ಕನೆಯದು ಸಂಶೋಧಕರಿಗೇ ತಿರುಗುವ ಒಗಟು. ತುಳುವಿನಲ್ಲಿ ಉತ್ತಮ ಪುರುಷ ಬಹುವಚನ ಎರಡು: ಕೇಳುಗರನ್ನು ಹೊರಗಿಡುವ ‘ಎಂಕುಲು’, ಒಳಗೊಳ್ಳುವ ‘ನಮ’. ಇಲ್ಲಿಯ ಹವ್ಯಕದಲ್ಲಿ ಕ್ರಮವಾಗಿ ‘ಎಂಗೊ’, ‘ನಾವು’. ಮಲಯಾಳದಲ್ಲಿ ‘ಞಙ್ಙಳ್’, ‘ನಮ್ಮಳ್’. ಶಿಷ್ಟ ಕನ್ನಡಕ್ಕೆ ಇರುವುದು ಒಂದೇ ‘ನಾವು’. ಸಭೆಯಲ್ಲಿ ಸಂಶೋಧಕರು ‘ನಾವು ನಡೆಸಿದ ಅಧ್ಯಯನದ ಪ್ರಕಾರ ನಾವು ನಮ್ಮ ಭಾಷೆಯನ್ನು ಮಕ್ಕಳಿಗೆ ಕಲಿಸಬೇಕು’ ಎಂದರೆ ಕನ್ನಡದಲ್ಲಿ ವಾಕ್ಯ ಸಲೀಸಾಗಿ ಸಾಗುತ್ತದೆ. ತುಳುವಿಗೆ ತಿರುಗಿಸುವವರು ಮೊದಲ ‘ನಾವು’ವಿಗೆ ‘ಎಂಕುಲು’ ಹಾಕಲೇಬೇಕು. ಎರಡನೆಯದಕ್ಕೆ ‘ನಮ’ ಹಾಕಬಹುದೇ ಎಂದು ಒಂದು ಕ್ಷಣ ತಡೆಯುತ್ತಾರೆ. ಹೊರಗಿನಿಂದ ಬಂದವರು ತಮ್ಮನ್ನು ‘ನಮ’ದೊಳಗೆ ಸೇರಿಸಿಕೊಳ್ಳುವ ಹಕ್ಕನ್ನು ಎಲ್ಲಿಂದ ಪಡೆದರು? ಕನ್ನಡದ ‘ನಾವು’ ಆ ಪ್ರಶ್ನೆಯನ್ನು ಅಡಗಿಸಿತ್ತು, ಮನೆಮಾತು ಹೊರಗೆಳೆಯಿತು. ಸಭೆಯ ಭಾಷೆ ಯಾವುದೆಂಬುದು ಬರಿಯ ಸೌಜನ್ಯದ ವಿಷಯವಲ್ಲ ಎಂದು ನಾವು ಒತ್ತಿಹೇಳುತ್ತಿರುವುದು ಇದಕ್ಕಾಗಿ. ಈ ಲೇಖನದ ‘ನಾವು’ ಎಂಬುದೂ ಬಹುಪಾಲು ಎಡೆಗಳಲ್ಲಿ ‘ಎಂಕುಲು’ವೇ.

ಬರುವವರು, ಬಾರದವರು

ಸಭೆ ಕರೆದರೆ ತೋಟದ ಯಜಮಾನರು ಬರುತ್ತಾರೆ, ನಿವೃತ್ತ ಶಿಕ್ಷಕರು ಬರುತ್ತಾರೆ. ಮರ ಹತ್ತಿ ಗೊನೆ ಇಳಿಸುವವರು ಬರುವುದಿಲ್ಲ. ಅಡಿಕೆಯ ಶಬ್ದಸಂಪತ್ತನ್ನೇ ತೆಗೆದುಕೊಂಡರೆ, ‘ಚಾಲಿ’, ‘ಪಟೋರ’, ‘ಉಳ್ಳಿಗಡ್ಡೆ’, ‘ಕರಿಗೋಟು’, ‘ಡಬ್ಬಲ್ ಚೋಲ್’ ಮುಂತಾದ ಮಾರುಕಟ್ಟೆಯ ಪದಗಳು ಯಜಮಾನರ ಬಳಿ ಧಾರಾಳವಾಗಿ ಸಿಗುತ್ತವೆ. ಮರದ ಮೇಲಿನ ಕೆಲಸದ ಪದಗಳು ಹತ್ತುವವರ ಬಳಿ ಇವೆ. ದಲಿತ ಸಮುದಾಯಗಳ ತುಳುವಾಗಲಿ, ಶಂಕರ ಭಟ್ಟರು 1971ರಷ್ಟು ಹಿಂದೆಯೇ ವಿವರಿಸಿದ ಕೊರಗ ಭಾಷೆಯಾಗಲಿ, ರಬ್ಬರ್ ಕಾಲನಿಗಳ ತಮಿಳಾಗಲಿ ‘ಸಾರ್ವಜನಿಕ’ ಎಂದು ಅಚ್ಚುಹಾಕಿದ ಆಮಂತ್ರಣ ಪತ್ರಿಕೆಯಿಂದ ಸಭೆಗೆ ಬಂದುಬಿಡುವುದಿಲ್ಲ. ದಿನಗೂಲಿಯವರನ್ನು ಕರೆಯುವುದಾದರೆ ಆ ಹೊತ್ತಿನ ಕೂಲಿಯನ್ನು ಆಯವ್ಯಯದಲ್ಲಿ ಸೇರಿಸಬೇಕು. ಹಾರ, ಶಾಲು, ಸ್ಮರಣಿಕೆಗಳಿಗೆ ಬರೆದಿಡುವ ಮೊತ್ತವನ್ನು ಇತ್ತ ತಿರುಗಿಸಿದರೆ ಅದರ ಬಹುಭಾಗ ನೀಗುತ್ತದೆ ಎಂಬುದು ನಮ್ಮ ಅಂದಾಜು. ಅನುದಾನದ ನಿಯಮಾವಳಿಯಲ್ಲಿ ಅದಕ್ಕೆ ಶೀರ್ಷಿಕೆ ಇಲ್ಲವೆಂಬ ಆಕ್ಷೇಪ ಬರುತ್ತದೆ; ಮಾಹಿತಿದಾತರ ಗೌರವಧನವೆಂಬ ಶೀರ್ಷಿಕೆ ಎಲ್ಲ ಕ್ಷೇತ್ರಕಾರ್ಯ ಯೋಜನೆಗಳಲ್ಲಿಯೂ ಇರಬೇಕಾದದ್ದೇ.

ಕಾಲದ 문제ೆಯೂ ಕೆಲಸಕ್ಕೆ ಅಂಟಿಕೊಂಡಿದೆ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಮದ್ದು ಬಿಡುವ ದಿನ. ಆ ದಿನ ಯಾವ ವಿಜ್ಞಾನಕ್ಕೂ ಜನ ಸಿಗರು. ಕೊಳೆರೋಗದ ಭಯ ಅಂಥದು. 1910ರಲ್ಲಿ ಮೈಸೂರು ಸರ್ಕಾರದ ಕೋಲ್ಮನ್ ಅವರು ಅಡಿಕೆಯ ರೋಗದ ಕುರಿತು ಬರೆದ ಗ್ರಂಥದ ಹೆಸರಿನಲ್ಲಿಯೇ ‘ಕೊಳೆರೋಗ’ ಪದವಿದೆ. ಕಾಫಿಯ ಕಪ್ಪುಕೊಳೆಯ ಶಿಲೀಂಧ್ರಕ್ಕೆ ‘ಕೊಲೆರೋಗ ನಾಕ್ಸಿಯ’ ಎಂಬ ಲ್ಯಾಟಿನ್ ನಾಮವೂ ಬಂತು. ವಿಜ್ಞಾನ ಊರಿನಿಂದ ಪದ ಪಡೆದ ಈ ಕಥೆಯನ್ನು ಸಭೆಯಲ್ಲಿ ಹೇಳಲು ಮರೆಯಬಾರದು. ಏಪ್ರಿಲ್ ನಡುವಿನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ಪತ್ತನಾಜೆಯವರೆಗೆ ನೇಮ, ಯಕ್ಷಗಾನ. ಇವೆಲ್ಲವನ್ನೂ ಕಳೆದರೆ ಪತ್ತನಾಜೆಯ ಬಳಿಕ ಮಳೆ ಹಿಡಿಯುವ ಮೊದಲಿನ ಕೆಲವೇ ದಿನಗಳು, ಮತ್ತೆ ಮಳೆ ಬಿಟ್ಟು ಕೊಯ್ಲು ಆರಂಭವಾಗುವ ನಡುವಿನ ವಾರಗಳು ಉಳಿಯುತ್ತವೆ. ಕೊಯ್ಲಿನ ನಂತರ ರಾತ್ರಿ ಅಡಿಕೆ ಸುಲಿಯುವ ಹೊತ್ತನ್ನು ನಾವು ಎಲ್ಲಕ್ಕಿಂತ ಮೇಲೆಂದು ಎಣಿಸುತ್ತೇವೆ: ಕೈಗೆ ಕೆಲಸವಿರುತ್ತದೆ, ಬಾಯಿ ಬಿಡುವಾಗಿರುತ್ತದೆ.

ಹಿಂದಿರುಗಿಸುವುದು

ಸಮುದಾಯದಿಂದ ಪಡೆದ ಸಾಮಗ್ರಿಯಿಂದ ಹುಟ್ಟಿದ ತಿಳಿವಳಿಕೆಯನ್ನು ಅವರಿಗೆ ಅಗತ್ಯ ಬಿದ್ದಾಗ ಬಳಸಬೇಕೆಂಬ ಋಣದ ತತ್ತ್ವವನ್ನು ಲಬೋವ್ 1982ರಲ್ಲಿ ಮಂಡಿಸಿದರು. ಅಗತ್ಯ ಬೀಳುವವರೆಗೆ ಕಾಯದೆ ತಾವಾಗಿಯೇ ಮರಳಿ ಕೊಡುವ ದಾರಿಗಳನ್ನು ಹುಡುಕಬೇಕೆಂದು ವೋಲ್ಫ್ರಾಮ್ 1993ರಲ್ಲಿ ಅದನ್ನು ವಿಸ್ತರಿಸಿದರು. ನಮ್ಮ ಸಂದರ್ಭದಲ್ಲಿ ಇದರ ಕನಿಷ್ಠ ರೂಪವನ್ನು ಹೀಗೆ ಹೇಳಬಹುದು. ಧ್ವನಿಮುದ್ರಣಕ್ಕೆ ಒಪ್ಪಿಗೆಯನ್ನು ಅವರ ಮನೆಮಾತಿನಲ್ಲಿ ಕೇಳಿ, ಒಪ್ಪಿದ್ದನ್ನೂ ಅದೇ ಮುದ್ರಿಕೆಯಲ್ಲಿ ಉಳಿಸುವುದು. ಇಂಗ್ಲಿಷ್ ನಮೂನೆಯ ಮೇಲಿನ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಅಳಿಸಿ ಎಂದವರ ಮಾತನ್ನು ಅವರೆದುರಿಗೇ ಅಳಿಸುವುದು. ಅಂದು ಮೂಡಿದ ನಕ್ಷೆಯ ಒಂದು ಪ್ರತಿಯನ್ನು ಶಾಲೆಯಲ್ಲಿ ಬಿಟ್ಟುಬರುವುದು. ಪದಪಟ್ಟಿಯನ್ನು ಕನ್ನಡ ಲಿಪಿಯಲ್ಲಿ, ತೆರೆದ ಎಕಾರಕ್ಕೆ ಸಭೆಯೇ ಒಪ್ಪಿದ ಗುರುತಿನೊಡನೆ, ಅಚ್ಚುಮಾಡಿ ಕಳುಹಿಸುವುದು. ಕೊಟ್ಟವರು ಬಯಸಿದರೆ ಅವರ ಹೆಸರು ಸಂಗ್ರಾಹಕರ ಹೆಸರಿನ ಜೊತೆಗೆ ಇರಬೇಕು. ಬೇಡವೆಂದರೆ ಗ್ರಾಮದ ಹೆಸರೂ ಇರಬೇಕಾಗಿಲ್ಲ.

ಮರುವರ್ಷ ಅದೇ ಅಂಗಳಕ್ಕೆ ಆ ಪಟ್ಟಿಯನ್ನು ಹಿಡಿದುಕೊಂಡು ಹೋಗಬೇಕು. ಅಷ್ಟರಲ್ಲಿ ಅಂಚಿನಲ್ಲಿ ತಿದ್ದುಪಡಿಗಳು ಬಿದ್ದಿರುತ್ತವೆ: ಈ ಪದ ನಮ್ಮಲ್ಲಿಲ್ಲ, ಹೊಳೆಯ ಆಚೆಯವರದು, ಇದನ್ನು ಹೆಂಗಸರು ಹೀಗೆ ಹೇಳುವುದಿಲ್ಲ, ಈ ಅರ್ಥ ತಪ್ಪು. ಎರಡನೆಯ ಸಭೆಯನ್ನು ಆ ತಿದ್ದುಪಡಿಗಳಿಂದಲೇ ಆರಂಭಿಸತಕ್ಕದ್ದು.